ಬೇಸಿಗೆ ರಜೆಯಲ್ಲಿ ಸೆಮಿನರಿ ಪಾಠ: ಯಾರಿಗೆ, ಎಲ್ಲಿ, ಎಷ್ಟು ದಿನ? ಫೀಸು ಕಟ್ಟುವ ಮೊದಲು ತಿಳಿಯಬೇಕಾದ ವಿಷಯಗಳು

ಬಸವಕಲ್ಯಾಣ/ಹುಮನಾಬಾದ್: ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿಟ್ಟಿತು ಅಂದ್ರೆ ಎರಡೂ ತಾಲ್ಲೂಕಿನ ಚರ್ಚ್‌ಗಳಲ್ಲಿ ಒಂದು ಮಾತು ಶುರುವಾಗ್ತದೆ. 'ಈ ಸಲ ನಮ್ಮ ಹುಡುಗನ್ನ ಬೈಬಲ್ ಟ್ರೇನಿಂಗಿಗೆ ಕಳಿಸೋಣ', 'ಹದಿನೈದು ದಿನದ ಕೋರ್ಸ್ ಅಂತೆ, ಸರ್ಟಿಫಿಕೇಟ್ ಕೊಡ್ತಾರಂತೆ'. ವಾಟ್ಸ್ಆ್ಯಪ್‌ನಲ್ಲಿ ಒಂದರ ಮೇಲೊಂದು ಪೋಸ್ಟರ್ ಬರ್ತವೆ. ಕೆಲವು ನೂರು ವರ್ಷಕ್ಕೂ ಹಳೆಯ ಕಾಲೇಜುಗಳದ್ದು, ಕೆಲವು ನಿನ್ನೆ ಮೊನ್ನೆ ಬೋರ್ಡ್ ಹಾಕಿದವರದ್ದು. ಪೋಸ್ಟರ್ ನೋಡಿ ಎರಡನ್ನೂ ಬೇರೆ ಮಾಡೋದು ಕಷ್ಟ.

ಈ ಓದು ಏನು, ಯಾರಿಗೆ ಉಪಯೋಗ, ಯಾರಿಗೆ ಅಲ್ಲ, ಸರ್ಟಿಫಿಕೇಟಿಗೆ ಎಷ್ಟು ಬೆಲೆ ಅನ್ನೋದರ ಪೂರ್ಣ ಮಾಹಿತಿ ಇಲ್ಲಿದೆ. ಬೇಸಿಗೆ ಓದು ಒಳ್ಳೆಯದೇ. ಆದರೆ ಅದು ಪಾಸ್ಟರ್ ಆಗೋ ಅಡ್ಡದಾರಿ ಅಲ್ಲ. ಇದೊಂದು ಗೊತ್ತಿದ್ರೆ ಮುಕ್ಕಾಲು ಮೋಸ ತಪ್ಪಿದ ಹಾಗೆ.

ಸೆಮಿನರಿ ಅಂದ್ರೆ ಏನು?

ಕ್ರೈಸ್ತ ಸಭೆಗಳಿಗೆ ಪಾಸ್ಟರ್, ಫಾದರ್, ಉಪದೇಶಕರನ್ನು ತಯಾರು ಮಾಡುವ ಕಾಲೇಜಿಗೆ ಸೆಮಿನರಿ ಅಂತಾರೆ. ಬಿ.ಇಡಿ. ಕಾಲೇಜು ಶಿಕ್ಷಕರಿಗೆ ಹೇಗೋ ಇದು ಪಾಸ್ಟರುಗಳಿಗೆ ಹಾಗೆ. ಇಲ್ಲಿ ಕಲಿಸೋದರಲ್ಲಿ ಎರಡು ಭಾಗ ಇರ್ತದೆ. ಮೊದಲನೆಯದು ದೇವಶಾಸ್ತ್ರ, ಅಂದರೆ ಸತ್ಯವೇದದ ಅಧ್ಯಯನ, ನಂಬಿಕೆಯ ತತ್ವ, ಸಭೆಯ ಇತಿಹಾಸ. ಎರಡನೆಯದು ಸೇವೆ, ಅಂದರೆ ಪ್ರಸಂಗ ಮಾಡೋದು, ಆರಾಧನೆ ನಡೆಸೋದು, ರೋಗಿಗಳನ್ನು ಭೇಟಿಯಾಗೋದು, ಮನೆ ಜಗಳ ಸಾವಕಾಶವಾಗಿ ಕೇಳಿ ಸಮಾಧಾನ ಹೇಳೋದು, ಸಭೆಯ ಲೆಕ್ಕಪತ್ರ ಇಡೋದು.

ಪೂರ್ಣ ಪದವಿ ಓದಬೇಕಾದರೆ ಹಾಸ್ಟೆಲಿನಲ್ಲಿ ಇದ್ದು ಮೂರ್ನಾಲ್ಕು ವರ್ಷವೋ ಇನ್ನೂ ಹೆಚ್ಚೋ ಬೇಕು. ಕಥೋಲಿಕ ಫಾದರ್ ಆಗೋದಕ್ಕೆ ಇನ್ನೂ ಹೆಚ್ಚು ವರ್ಷ ಹಿಡೀತದೆ. ಮೊದಲು ತತ್ವಶಾಸ್ತ್ರ, ಆಮೇಲೆ ದೇವಶಾಸ್ತ್ರ, ನಡುವೆ ಸಭೆಗಳಲ್ಲಿ ತರಬೇತಿ. ಬೇಸಿಗೆ ಕೋರ್ಸು ಇವೆರಡಕ್ಕೂ ಬದಲಿ ಅಲ್ಲ. ಅದು ಹೆಚ್ಚಾಗಿ ಸಭೆಯ ಸಾಮಾನ್ಯ ಜನರಿಗೆ, ಸಂಡೇ ಸ್ಕೂಲ್ ಟೀಚರುಗಳಿಗೆ, ಹಳ್ಳಿಯಲ್ಲಿ ಪ್ರಾರ್ಥನೆ ನಡೆಸುವವರಿಗೆ ಮತ್ತು ಈಗಾಗಲೇ ಸೇವೆಯಲ್ಲಿ ಇರುವವರಿಗೆ ಮಾಡಿದ್ದು.

ಬೇಸಿಗೆಯಲ್ಲೇ ಯಾಕೆ?

ಕಾರಣ ಸರಳ. ಸೆಮಿನರಿಗಳ ವರ್ಷ ಸಾಮಾನ್ಯವಾಗಿ ಜೂನ್‌ನಿಂದ ಮಾರ್ಚ್ ತನಕ. ಏಪ್ರಿಲ್, ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗಿರ್ತಾರೆ. ಹಾಸ್ಟೆಲ್ ಕೋಣೆ, ಮೆಸ್, ಲೈಬ್ರರಿ, ಕ್ಲಾಸ್ ರೂಮ್ ಖಾಲಿ ಇರ್ತವೆ.

ಈ ಕಡೆ ನಮ್ಮಲ್ಲೂ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಶಾಲೆಗೆ ರಜೆ. ಶಿಕ್ಷಕರಿಗೂ ಕಾಲೇಜು ಹುಡುಗರಿಗೂ ಬಿಡುವು. ಹೊಲದಲ್ಲೂ ಕೆಲಸ ಕಡಿಮೆ. ಜೂನ್‌ನಲ್ಲಿ ಮಳೆ ಬಿದ್ದರೆ ಸೋಯಾ, ಹೆಸರು, ಉದ್ದು, ತೊಗರಿ ಬಿತ್ತನೆ ಶುರುವಾಗ್ತದೆ, ಆಮೇಲೆ ಯಾರನ್ನು ಕರೆದರೂ ಬರೋದಿಲ್ಲ. ಹಾಗಾಗಿ ರೈತರಿಗೂ ಶಿಕ್ಷಕರಿಗೂ ಮೇ ತಿಂಗಳೇ ಅನುಕೂಲ.

ಅಂಗಡಿಯವರಿಗೆ ಮಾತ್ರ ಲೆಕ್ಕ ಉಲ್ಟಾ. ಏಪ್ರಿಲ್, ಮೇ ಅಂದ್ರೆ ಲಗ್ನದ ಸೀಜನ್. ಬಟ್ಟೆ, ಪಾತ್ರೆ, ಕಿರಾಣಿ, ಶಾಮಿಯಾನ ಎಲ್ಲಾ ಓಡೋ ಕಾಲ. ಅಂಥವರಿಗೆ ಬೇರೆ ದಾರಿ ಇದೆ. ಅದನ್ನು ಕೆಳಗೆ ನೋಡಬಹುದು.

ಈ ಪದ್ಧತಿ ಹೊಸದಲ್ಲ

ಬೀದರ್ ಜಿಲ್ಲೆ 1956ರ ತನಕ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹಾಗಾಗಿ ಇಲ್ಲಿನ ಸಭೆಗಳ ಇತಿಹಾಸ ಮಂಗಳೂರು, ಧಾರವಾಡದ ಕಡೆಯದ್ದಕ್ಕಿಂತ ಬೇರೆ. ಆ ಕಡೆ ಬಾಸೆಲ್ ಮಿಷನ್ ಕೆಲಸ ಮಾಡಿತು. ಈ ಕಡೆ ಅಮೆರಿಕದ ಮೆಥಡಿಸ್ಟ್ ಮಿಷನ್ ಬಂತು. 1870ರ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಬೋಧಕರು ಮುಂಬೈ, ಬೆಂಗಳೂರು, ಸಿಕಂದರಾಬಾದ್ ಮುಂತಾದ ಊರುಗಳಲ್ಲಿ ಮೆಥಡಿಸ್ಟ್ ಸಭೆಗಳಿಗೆ ಅಡಿಪಾಯ ಹಾಕಿದರು. 1876ರಲ್ಲಿ ದಕ್ಷಿಣ ಭಾರತ ಕಾನ್ಫರೆನ್ಸ್ ರಚನೆಯಾಯಿತು. ಮುಂದೆ ಬೀದರ್ ಭಾಗದ ಹಳ್ಳಿಗಳಿಗೂ ಅದು ಹಬ್ಬಿತು.

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಸೇರಿ ಸಿ.ಎಸ್.ಐ. ಆದಾಗ ಈ ಮೆಥಡಿಸ್ಟರು ಅದರಲ್ಲಿ ಸೇರಲಿಲ್ಲ. 1981ರಲ್ಲಿ ಅಮೆರಿಕದ ಆಡಳಿತದಿಂದ ಬಿಡಿಸಿಕೊಂಡು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾಯಿತು. ನಮ್ಮ ಜಿಲ್ಲೆಯಲ್ಲಿ ಮೆಥಡಿಸ್ಟ್ ಹೆಸರಿನ ಚರ್ಚ್‌ಗಳು ಹೆಚ್ಚು ಕಾಣೋದು ಇದೇ ಕಾರಣಕ್ಕೆ. ಕಥೋಲಿಕರಿಗೆ 2005ರಿಂದ ಗುಲ್ಬರ್ಗಾ ಧರ್ಮಪ್ರಾಂತ್ಯ ಇದೆ. ಬೀದರ್ ಜಿಲ್ಲೆ ಅದರ ವ್ಯಾಪ್ತಿಗೆ ಬರ್ತದೆ.

ಮೆಥಡಿಸ್ಟ್ ಸಭೆಗಳಲ್ಲಿ ಕೆಲಸ ಮಾಡ್ತಾ ಓದುವ ಪದ್ಧತಿ ಬಹಳ ಹಳೆಯದು. ಸಭೆಯ ಸ್ಥಾಪಕ ಜಾನ್ ವೆಸ್ಲಿಯ ಕಾಲದಲ್ಲೇ ಪಾದ್ರಿಯಲ್ಲದ ಸಾಮಾನ್ಯ ಜನ ಪ್ರಸಂಗ ಮಾಡ್ತಿದ್ದರು. ಕುದುರೆ ಏರಿ ಊರೂರು ತಿರುಗುವ ಬೋಧಕರಿಗೆ ಕಾಲೇಜಿಗೆ ಹೋಗಲು ಸಮಯ ಇಲ್ಲ ಅಂತ ಅಮೆರಿಕದ ಮೆಥಡಿಸ್ಟರು 1816ರಲ್ಲಿ 'ಕೋರ್ಸ್ ಆಫ್ ಸ್ಟಡಿ' ಎಂಬ ವ್ಯವಸ್ಥೆ ತಂದರು. ಓದಬೇಕಾದ ಪುಸ್ತಕಗಳ ಪಟ್ಟಿ ಕೊಡೋದು, ಸೇವೆ ಮಾಡ್ತಾ ಓದೋದು, ಪರೀಕ್ಷೆ ಕೊಡೋದು. ಈಗಲೂ ಅಲ್ಲಿನ ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಸೆಮಿನರಿ ಪದವಿ ಇಲ್ಲದ ಸ್ಥಳೀಯ ಪಾಸ್ಟರುಗಳು 20 ವಿಷಯಗಳ ಮೂಲ ಪಾಠ ಓದ್ತಾರೆ. ಬಹಳ ಮಂದಿ ಅದನ್ನು ವರ್ಷಕ್ಕೆ ನಾಲ್ಕು ವಿಷಯದಂತೆ ಐದು ಬೇಸಿಗೆಗಳಲ್ಲಿ ಸೆಮಿನರಿಗೆ ಹೋಗಿ ಮುಗಿಸ್ತಾರೆ.

ಭಾರತದಲ್ಲೂ ಮಿಷನ್ ಕಾಲದಲ್ಲಿ ಹಳ್ಳಿಯ ಉಪದೇಶಕರನ್ನು ವರ್ಷಕ್ಕೊಮ್ಮೆ ಒಂದು ಕಡೆ ಸೇರಿಸಿ ಪಾಠ ಹೇಳಿ ಪರೀಕ್ಷೆ ತೆಗೆದುಕೊಳ್ಳುವ 'ಸಮ್ಮರ್ ಸ್ಕೂಲ್'ಗಳು ನಡೀತಿದ್ದವು. ಇಂದಿನ ಬೇಸಿಗೆ ಕೋರ್ಸುಗಳ ಬೇರು ಅಲ್ಲಿದೆ.

ದುಡಿಯುವ ಜನ ಧರ್ಮದ ವಿಷಯ ಕೂತು ಚರ್ಚೆ ಮಾಡೋದು ಬಸವಕಲ್ಯಾಣದವರಿಗೆ ಬಿಡಿಸಿ ಹೇಳಬೇಕಾದ ಸಂಗತಿ ಅಲ್ಲ. ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಅಕ್ಕಿ ಆಯುವ ಲಕ್ಕಮ್ಮ ಎಲ್ಲರೂ ಇದ್ದರು, ಯಾರೂ ಕಾಯಕ ಬಿಟ್ಟು ಬಂದವರಲ್ಲ. ಕ್ರೈಸ್ತರಲ್ಲೂ ಪೌಲನ ಉದಾಹರಣೆ ಕೊಡ್ತಾರೆ. ಆತ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಬೋಧಿಸಿದ ಅಂತ ಸತ್ಯವೇದದಲ್ಲಿದೆ.

ಬೇಸಿಗೆ ಓದಿನಲ್ಲಿ ನಾಲ್ಕು ಬಗೆ

ಎಲ್ಲದಕ್ಕೂ 'ಬೈಬಲ್ ಟ್ರೇನಿಂಗ್' ಅಂತ ಒಂದೇ ಹೆಸರು ಇಡೋದರಿಂದ ಗೊಂದಲ ಆಗ್ತದೆ. ನಿಜವಾಗಿ ಇವು ಬೇರೆ ಬೇರೆ.

1. ಸಾಮಾನ್ಯ ಸಭಿಕರ ಶಿಬಿರ. ಒಂದು ವಾರದಿಂದ ಮೂರ್ನಾಲ್ಕು ವಾರ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆಯ ಪರಿಚಯ, ಪ್ರಾರ್ಥನೆ, ಪ್ರಸಂಗದ ಅಭ್ಯಾಸ. ಪರೀಕ್ಷೆ ಇರಬಹುದು, ಇಲ್ಲದೆಯೂ ಇರಬಹುದು. ಕೊನೆಗೆ ಕೊಡೋದು ಹಾಜರಾತಿ ಪತ್ರ.

2. ಸೇವೆಯಲ್ಲಿ ಇರುವವರ ಪುನಶ್ಚೇತನ ತರಬೇತಿ. ಈಗಾಗಲೇ ಪಾಸ್ಟರ್ ಅಥವಾ ಉಪದೇಶಕ ಆಗಿರುವವರಿಗೆ. ಹೆಚ್ಚಾಗಿ ಸಭೆಯೇ ಕಳಿಸ್ತದೆ, ಖರ್ಚಿನ ಭಾಗವನ್ನೂ ನೋಡಿಕೊಳ್ತದೆ.

3. ಹೊರಗಿನಿಂದ ಓದುವವರ ಸಂಪರ್ಕ ತರಗತಿ. ಮನೆಯಲ್ಲೇ ಕೂತು ಡಿಪ್ಲೊಮಾ ಅಥವಾ ಪದವಿ ಓದುವವರು ರಜೆಯಲ್ಲಿ ಕೆಲವು ದಿನ ಕಾಲೇಜಿಗೆ ಹೋಗ್ತಾರೆ. ಇದರಲ್ಲಿ ಪರೀಕ್ಷೆ ಕಟ್ಟುನಿಟ್ಟು. ಒಂದೇ ಬೇಸಿಗೆಗೆ ಮುಗಿಯೋದಿಲ್ಲ.

4. ಸೆಮಿನರಿ ವಿದ್ಯಾರ್ಥಿಗಳ ಬೇಸಿಗೆ ಸೇವೆ. ಇದು ಮೇಲಿನ ಮೂರಕ್ಕೂ ವಿರುದ್ಧ ದಿಕ್ಕಿನದು. ಕಾಲೇಜಿನಲ್ಲಿ ಓದ್ತಿರುವ ಹುಡುಗ ಹುಡುಗಿಯರು ರಜೆಯಲ್ಲಿ ಊರಿನ ಸಭೆಗಳಿಗೆ ಬಂದು ಪಾಸ್ಟರ್ ಕೈಕೆಳಗೆ ಕೆಲಸ ಕಲೀತಾರೆ. ಮೇ ತಿಂಗಳಲ್ಲಿ ಮಕ್ಕಳಿಗೆ ಹಾಡು, ಕಥೆ, ಚಿತ್ರ ಅಂತ ನಡೆಯುವ ವಿ.ಬಿ.ಎಸ್. ಅಥವಾ ರಜಾ ಸತ್ಯವೇದ ಶಾಲೆಯಲ್ಲಿ ಇವರ ಓಡಾಟ ಜಾಸ್ತಿ. ಈ ವಿ.ಬಿ.ಎಸ್. ಪದ್ಧತಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಶುರುವಾದದ್ದು. ರಜೆಯಲ್ಲಿ ಬೀದಿ ಸುತ್ತುವ ಮಕ್ಕಳನ್ನು ಒಂದು ಕಡೆ ಕೂಡಿಸಬೇಕು ಅನ್ನೋದು ಅದರ ಉದ್ದೇಶವಾಗಿತ್ತು.

ಇನ್ನೊಂದು ಮಾತು. ವಿಕಾರಾಬಾದ್ ಹತ್ತಿರ ಧಾರೂರಿನಲ್ಲಿ 1923ರಿಂದ ನಡೆದುಬಂದ ಮೆಥಡಿಸ್ಟ್ ಜಾತ್ರೆಯಂಥ ಕೂಟಗಳು ಬೇರೆ. ಅಲ್ಲಿ ಪ್ರಾರ್ಥನೆ, ಪ್ರಸಂಗ ಇರ್ತದೆ, ಪಾಠ ಪರೀಕ್ಷೆ ಇರೋದಿಲ್ಲ. ಕೂಟಕ್ಕೆ ಹೋಗಿ ಬಂದದ್ದನ್ನು ಕೋರ್ಸ್ ಅಂತ ಲೆಕ್ಕ ಹಿಡಿಯೋದಿಲ್ಲ.

ದಿನಚರಿ ಹೇಗಿರ್ತದೆ?

ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ, ತಿಂಡಿ, ಮಧ್ಯಾಹ್ನದ ತನಕ ಮೂರ್ನಾಲ್ಕು ತರಗತಿ, ಊಟ, ಸ್ವಲ್ಪ ವಿಶ್ರಾಂತಿ, ಸಂಜೆ ಗುಂಪು ಚರ್ಚೆ ಅಥವಾ ಲೈಬ್ರರಿ, ರಾತ್ರಿ ಮತ್ತೆ ಪ್ರಾರ್ಥನೆ. ಹೆಚ್ಚಿನ ಕಡೆ ಇದೇ ಕ್ರಮ. ಪಾತ್ರೆ ತೊಳೆಯೋದು, ಅಂಗಳ ಗುಡಿಸೋದು ಎಲ್ಲರ ಪಾಲಿಗೂ ಬರ್ತದೆ. ತರಗತಿ ಹೊತ್ತಿನಲ್ಲಿ ಮೊಬೈಲ್ ಬಂದ್. ಹಾಸ್ಟೆಲಿನಲ್ಲಿ ದಾರೂ, ಗುಟ್ಕಾ ನಡೆಯೋದಿಲ್ಲ.

ಮೊದಲ ಸಲ ಹೋದವರಿಗೆ ಕಷ್ಟ ಆಗೋದು ಪ್ರಸಂಗದ ಅಭ್ಯಾಸ. ಹತ್ತು ನಿಮಿಷದಲ್ಲಿ ಒಂದು ವಾಕ್ಯಭಾಗ ತೆಗೆದುಕೊಂಡು ಅದರ ಅರ್ಥ ಹೇಳಬೇಕು. ಊರಲ್ಲಿ ಒಂದು ತಾಸು ನಿಲ್ಲದೆ ಮಾತಾಡುವವರೂ ಅಲ್ಲಿ ತಡವರಿಸ್ತಾರೆ. ಯಾಕಂದ್ರೆ ಅಲ್ಲಿ ಕೇಳೋ ಪ್ರಶ್ನೆಗಳೇ ಬೇರೆ. ಈ ಮಾತು ಯಾರು ಯಾರಿಗೆ ಹೇಳಿದ್ದು, ಯಾವ ಕಾಲದಲ್ಲಿ, ಮುಂದಿನ ಹಿಂದಿನ ವಾಕ್ಯ ಏನು, ಇದರಿಂದ ಕೂಲಿ ಮಾಡುವವರಿಗೆ ಏನು ಸಿಗ್ತದೆ? ಒಂದು ಒಳ್ಳೆ ಬೇಸಿಗೆ ಕೋರ್ಸಿನಿಂದ ಆಗುವ ದೊಡ್ಡ ಲಾಭ ಈ ಪ್ರಶ್ನೆ ಕೇಳುವ ಅಭ್ಯಾಸ. ಯಾರೋ ವೇದಿಕೆ ಮೇಲೆ ನಿಂತು ಒಂದು ವಾಕ್ಯ ಹಿಡಿದು ಕಾಣಿಕೆ ಕೇಳಿದರೆ ಆ ವಾಕ್ಯ ನಿಜವಾಗಿ ಏನು ಹೇಳ್ತದೆ ಅಂತ ಕೂತವರೇ ತೆರೆದು ನೋಡಿಕೊಳ್ಳಬಹುದು.

ಪ್ರೊಟೆಸ್ಟಂಟ್ ಸತ್ಯವೇದದಲ್ಲಿ 66 ಪುಸ್ತಕ, ಕಥೋಲಿಕ ಬೈಬಲ್‌ನಲ್ಲಿ 73 ಪುಸ್ತಕ. ಯಾವ ಕೋರ್ಸಿಗೆ ಹೋಗ್ತೀರೋ ಆ ಸಭೆಯವರು ಬಳಸುವ ಪ್ರತಿಯನ್ನೇ ಒಯ್ಯೋದು ಒಳ್ಳೆಯದು.

ಎಲ್ಲೆಲ್ಲಿ ಇವೆ?

ನಮ್ಮ ಎರಡು ತಾಲ್ಲೂಕಿನ ಜಾಗ ನೋಡಿದರೆ ಆಯ್ಕೆ ಕಡಿಮೆ ಏನಿಲ್ಲ. ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಮೂಲಕ, ಬಸವಕಲ್ಯಾಣದವರಿಗೆ ಸಸ್ತಾಪುರ ಬಂಗ್ಲಾ ಮೂಲಕ ಹೋಗ್ತದೆ. ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಸೊಲ್ಲಾಪುರ ದಾಟಿದರೆ ಪುಣೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದ್ ಸ್ಟೇಷನ್ನಿನಿಂದ ಕಲಬುರಗಿ ಕಡೆಗೂ ಹೋಗಬಹುದು.

ಮಂಗಳೂರು: ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಕನ್ನಡದಲ್ಲಿ ದೇವಶಾಸ್ತ್ರ ಕಲಿಸೋದಕ್ಕೆ ಹೆಸರಾದದ್ದು. ಬಾಸೆಲ್ ಮಿಷನ್ 1847ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಸೆಮಿನರಿ ಮತ್ತು ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿ ಎರಡೂ ಸೇರಿ 1965ರಲ್ಲಿ ಈ ಕಾಲೇಜಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಇದೇ ಬಾಸೆಲ್ ಮಿಷನ್ನಿನವರು. ಕಥೋಲಿಕರ ಸೇಂಟ್ ಜೋಸೆಫ್ಸ್ ಸೆಮಿನರಿ ಕೂಡ ಮಂಗಳೂರಿನ ಜೆಪ್ಪುವಿನಲ್ಲಿದೆ. ಅದು 1879ರದು.

ಬೆಂಗಳೂರು: ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಲ್ಲಿ ಶುರುವಾದದ್ದು. ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲೇ ಇದ್ದು ಓದುವವರಿಗಾಗಿ 1971ರಲ್ಲಿ ಆರಂಭವಾದ 'ಟಾಫ್ಟಿ' ಸಂಸ್ಥೆಯ ಕಚೇರಿಯೂ ಬೆಂಗಳೂರಿನಲ್ಲಿದೆ.

ಬಂಗಾರಪೇಟೆ: ಕೋಲಾರ ಜಿಲ್ಲೆಯ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ 1937ರದು.

ಹೈದರಾಬಾದ್: ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜು 1964ರಲ್ಲಿ ರಾಜಮಂಡ್ರಿಯಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂತು. ತೆಲುಗು ಬಲ್ಲವರಿಗೆ ಅನುಕೂಲ.

ಪುಣೆ: ಯೂನಿಯನ್ ಬಿಬ್ಲಿಕಲ್ ಸೆಮಿನರಿ 1953ರಲ್ಲಿ ಯವತಮಾಳದಲ್ಲಿ ಶುರುವಾಗಿ 1983ರಲ್ಲಿ ಪುಣೆಗೆ ಬಂತು. ಇಲ್ಲೂ ಇಂಗ್ಲಿಷ್ ಮಾಧ್ಯಮ.

ಇವೆಲ್ಲಾ ಪೂರ್ಣಾವಧಿ ಕಾಲೇಜುಗಳು (ಟಾಫ್ಟಿ ಬಿಟ್ಟು). ಬೇಸಿಗೆ ಕೋರ್ಸು ಪ್ರತಿ ವರ್ಷ ಒಂದೇ ರೀತಿ ಇರೋದಿಲ್ಲ. ಒಂದು ವರ್ಷ ಪ್ರಸಂಗ ತರಬೇತಿ, ಇನ್ನೊಂದು ವರ್ಷ ಯುವಜನರ ಶಿಬಿರ, ಮತ್ತೊಂದು ವರ್ಷ ಏನೂ ಇಲ್ಲ ಅಂತಲೂ ಆಗ್ತದೆ. ಕಾಲೇಜಿನ ಕಚೇರಿಗೇ ಫೋನ್ ಮಾಡಿ ಈ ವರ್ಷದ ದಿನಾಂಕ ಕೇಳಿಕೊಂಡ ಮೇಲೆ ಟಿಕೆಟ್ ಮಾಡಿಸಿ.

ಭಾಷೆ ಮೊದಲು ನೋಡಿ

ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಹಿಂದಿ–ದಖನಿ, ಸಂಬಂಧಿಕರ ಹತ್ತಿರ ಮರಾಠಿ ಅಥವಾ ತೆಲುಗು. ನಮ್ಮ ಕಡೆ ಮಾತಾಡೋದಕ್ಕೆ ನಾಲ್ಕು ಭಾಷೆ ಬರ್ತದೆ. ಆದರೆ ಓದಿ ಬರೆಯೋದು ಬೇರೆ. ಹೈದರಾಬಾದ್ ಹತ್ತಿರ ಅಂತ ಹೋಗಿ ತೆಲುಗು ಲಿಪಿ ಬಾರದೆ ಕೂತರೆ ಹದಿನೈದು ದಿನ ವ್ಯರ್ಥ. ಇಂಗ್ಲಿಷ್ ಮಾಧ್ಯಮದ ಕಾಲೇಜಿನಲ್ಲಿ ಪಿ.ಯು.ಸಿ. ಕನ್ನಡದಲ್ಲಿ ಓದಿದ ಹುಡುಗನಿಗೆ ಮೊದಲ ದಿನವೇ ತಲೆ ತಿರುಗ್ತದೆ. ದೂರವಾದರೂ ಕನ್ನಡದಲ್ಲಿ ಪಾಠ ಇರುವ ಕಡೆ ಹೋದರೆ ಕಲಿತದ್ದನ್ನು ಊರಿಗೆ ಬಂದು ಹಾಗೇ ಹೇಳಿಕೊಡಬಹುದು. ಪಾಠ ಯಾವ ಭಾಷೆಯಲ್ಲಿ, ಪುಸ್ತಕ ಯಾವ ಭಾಷೆಯಲ್ಲಿ, ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಮೂರನ್ನೂ ಬೇರೆ ಬೇರೆ ಕೇಳಿ.

ಅಂಗಡಿ ಬಿಡಲಾಗದವರಿಗೆ

ಮನೆಯಲ್ಲೇ ಓದಿ ವಾರಕ್ಕೊಮ್ಮೆ ಗುಂಪಾಗಿ ಕೂತು ಚರ್ಚೆ ಮಾಡುವ ಕ್ರಮಕ್ಕೆ ವಿಸ್ತರಣಾ ಶಿಕ್ಷಣ ಅಂತಾರೆ. ಇದು 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಶುರುವಾಯಿತು. ಅಲ್ಲಿನ ಸೆಮಿನರಿಯಲ್ಲಿ ಓದಿದವರು ಬಹಳ ಮಂದಿ ಹಳ್ಳಿಗೆ ವಾಪಸ್ ಹೋಗ್ತಿರಲಿಲ್ಲ. ಹಳ್ಳಿಯಲ್ಲಿ ನಿಜವಾಗಿ ಸಭೆ ನಡೆಸ್ತಿದ್ದವರಿಗೆ ಹೊಲ, ಮನೆ ಬಿಟ್ಟು ಬರಲು ಆಗ್ತಿರಲಿಲ್ಲ. ಆಗ ವಿದ್ಯಾರ್ಥಿಗಳನ್ನು ಕಾಲೇಜಿಗೆ ಕರೆಯೋದು ಬಿಟ್ಟು ಮಾಸ್ತರರೇ ಊರಿಗೆ ಹೋಗೋ ವ್ಯವಸ್ಥೆ ಮಾಡಿದರು. ಅದೇ ಪದ್ಧತಿಯಲ್ಲಿ ಭಾರತದಲ್ಲಿ ಟಾಫ್ಟಿ ಕೆಲಸ ಮಾಡ್ತದೆ. ಪಾಠದ ಪುಸ್ತಕ ಕೊಡ್ತಾರೆ, ದಿನಕ್ಕೆ ಇಷ್ಟು ಅಂತ ಓದಿ ಪ್ರಶ್ನೆಗೆ ಉತ್ತರ ಬರೀಬೇಕು, ವಾರಕ್ಕೊಮ್ಮೆ ಗುಂಪು ಸೇರಬೇಕು.

ಅಂಗಡಿ ಬಂದ್ ಮಾಡಿದ ಮೇಲೆ ರಾತ್ರಿ ಒಂದು ತಾಸು ಓದುವವರಿಗೆ ಇದು ಸರಿ ಹೊಂದ್ತದೆ. ಒಬ್ಬರೇ ಓದೋದಕ್ಕಿಂತ ಒಂದೇ ಊರಿನ ಐದಾರು ಮಂದಿ ಸೇರಿ ಗುಂಪು ಮಾಡಿಕೊಂಡರೆ ನಡುವೆ ಬಿಡೋದು ಕಡಿಮೆ. ಪಶ್ಚಿಮ ಬಂಗಾಳದ ಸೆರಾಂಪೋರ್ ಸೆನೆಟ್ ಕೂಡ ಹೊರಗಿನಿಂದ ಓದುವವರಿಗೆ ಕ್ರೈಸ್ತ ಅಧ್ಯಯನದಲ್ಲಿ ಡಿಪ್ಲೊಮಾ ಮತ್ತು ಪದವಿ ನಡೆಸ್ತದೆ.

ಮಹಿಳೆಯರು ಹೋಗಬಹುದಾ?

ಹೋಗಬಹುದು. ಸಂಡೇ ಸ್ಕೂಲ್ ನಡೆಸುವವರಲ್ಲಿ, ಮನೆ ಮನೆ ಪ್ರಾರ್ಥನೆಗೆ ಹೋಗುವವರಲ್ಲಿ ಮಹಿಳೆಯರೇ ಹೆಚ್ಚು. ಮಿಷನ್ ಕಾಲದಲ್ಲಿ 'ಬೈಬಲ್ ವುಮನ್' ಅಂತ ಕರೀತಿದ್ದ ಸೇವಕಿಯರು ಜನಾನಾ ಮನೆಗಳಿಗೂ ಹೋಗಿ ಅಕ್ಷರ ಕಲಿಸಿದ್ದಾರೆ. ಮೆಥಡಿಸ್ಟ್ ಸಭೆ 1956ರಲ್ಲೇ ಮಹಿಳೆಯರಿಗೆ ಪಾಸ್ಟರ್ ಹುದ್ದೆಯ ಪೂರ್ಣ ಹಕ್ಕು ಕೊಟ್ಟಿತು. ಕಥೋಲಿಕ ಸಭೆಯಲ್ಲಿ ಮಹಿಳೆಯರು ಗುರುಗಳಾಗುವಂತಿಲ್ಲ, ಆದರೆ ಧರ್ಮೋಪದೇಶ ಕಲಿಸುವ ತರಬೇತಿ ಅವರಿಗೂ ಇದೆ.

ಹೆಣ್ಣುಮಕ್ಕಳನ್ನು ಕಳಿಸುವಾಗ ಬೇರೆ ಹಾಸ್ಟೆಲ್ ಇದೆಯಾ, ವಾರ್ಡನ್ ಯಾರು, ದೂರು ಹೇಳಬೇಕಾದರೆ ಯಾರಿಗೆ ಅಂತ ಕೇಳೋದು ತಂದೆ ತಾಯಿಯ ಹಕ್ಕು. ಹೀಗೆ ಕೇಳಿದ್ದಕ್ಕೆ ಸಿಟ್ಟಾಗುವ ಸಂಸ್ಥೆಗೆ ಕಳಿಸದಿರೋದೇ ವಾಸಿ. 18 ತುಂಬದವರಾದರೆ ಪಾಲಕರ ಒಪ್ಪಿಗೆ ಪತ್ರ ಇರಲೇಬೇಕು.

ಸರ್ಟಿಫಿಕೇಟಿನ ಬೆಲೆ ಎಷ್ಟು?

ಜನ ಹೆಚ್ಚು ಪೆಟ್ಟು ತಿನ್ನೋದು ಇಲ್ಲಿ. ದೇವಶಾಸ್ತ್ರದ ಓದಿಗೆ ಭಾರತದಲ್ಲಿ ಮುಖ್ಯವಾಗಿ ಎರಡು ಮನ್ನಣೆ ಕೇಳಿಬರ್ತವೆ.

ಒಂದು, ಸೆರಾಂಪೋರ್ ಸೆನೆಟ್. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ 1818ರಲ್ಲಿ ಸ್ಥಾಪಿಸಿದ ಸೆರಾಂಪೋರ್ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕ್ ರಾಜ ಪದವಿ ಕೊಡುವ ಸನ್ನದು ಕೊಟ್ಟ. ಆಗ ಆ ಊರು ಡೆನ್ಮಾರ್ಕಿನ ವಶದಲ್ಲಿತ್ತು. 1918ರ ಸೆರಾಂಪೋರ್ ಕಾಲೇಜು ಕಾಯ್ದೆ ಆ ವ್ಯವಸ್ಥೆಯನ್ನು ಗಟ್ಟಿ ಮಾಡಿತು. ಮಂಗಳೂರು, ಬೆಂಗಳೂರಿನ ಮೇಲೆ ಹೇಳಿದ ಎರಡೂ ಥಿಯಾಲಾಜಿಕಲ್ ಕಾಲೇಜುಗಳು ಇದರ ಅಡಿ ಪದವಿ ಕೊಡ್ತವೆ.

ಎರಡು, ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್, ಅಂದರೆ ಎ.ಟಿ.ಎ. ಇದು 1970ರಲ್ಲಿ ಹುಟ್ಟಿದ್ದು. ಇದು ಸೆಮಿನರಿಗಳ ಗುಣಮಟ್ಟ ನೋಡಿ ಮನ್ನಣೆ ಕೊಡುವ ಸಂಘ, ವಿಶ್ವವಿದ್ಯಾಲಯ ಅಲ್ಲ.

ಯು.ಜಿ.ಸಿ. ಕಾಯ್ದೆ 1956ರ 22ನೇ ಕಲಂ ಪ್ರಕಾರ ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ 'ಪದವಿ' ಕೊಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ತನ್ನ ವೆಬ್‌ಸೈಟಿನಲ್ಲಿ ಹಾಕ್ತದೆ. ಬಾಡಿಗೆ ಹಾಲಿನಲ್ಲಿ ಹತ್ತು ದಿನ ಕ್ಲಾಸ್ ಮಾಡಿ 'ಬ್ಯಾಚುಲರ್' ಅಂತ ಬರೆದು ಕೊಟ್ಟರೆ ಅದು ಪದವಿ ಆಗೋದಿಲ್ಲ. ದುಡ್ಡು ಕಟ್ಟಿಸಿಕೊಂಡು ಶಾಲು ಹೊದಿಸಿ ಕೊಡುವ 'ಗೌರವ ಡಾಕ್ಟರೇಟ್'ಗೂ ಇದೇ ಮಾತು. ಹೆಸರಿನ ಮುಂದೆ 'ಡಾ.' ಬರ್ತದೆ ಅಂತ ಸಂಘದ ಸಾಲ ತೆಗೆದು ಕಟ್ಟಿದವರಿಗೆ ಕೊನೆಗೆ ಉಳಿಯೋದು ಫ್ರೇಮ್ ಹಾಕಿದ ಕಾಗದ ಮತ್ತು ತಿಂಗಳ ಕಂತು.

ದೇವಶಾಸ್ತ್ರದ ಯಾವುದೇ ಓದನ್ನು ಸರ್ಕಾರಿ ನೌಕರಿ, ಬಡ್ತಿ ಅಥವಾ ಬೇರೆ ಕಾಲೇಜಿನ ಪ್ರವೇಶಕ್ಕೆ ಬಳಸುವ ವಿಚಾರ ಇದ್ದರೆ, ಆ ಇಲಾಖೆ ಅಥವಾ ಕಾಲೇಜು ಒಪ್ಪುತ್ತದಾ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಇನ್ನು ಪಾಸ್ಟರ್ ಆಗುವ ವಿಷಯ. ದೊಡ್ಡ ಸಭೆಗಳಲ್ಲಿ ಪಾಸ್ಟರ್ ನೇಮಕ ಮಾಡೋದು ಸಭೆಯೇ ಹೊರತು ಸೆಮಿನರಿ ಅಲ್ಲ. ಸ್ಥಳೀಯ ಸಭೆಯ ಶಿಫಾರಸು, ಸಂದರ್ಶನ, ನಿಗದಿಯಾದ ಓದು, ಪರೀಕ್ಷಾರ್ಥ ಸೇವೆ, ಆಮೇಲೆ ದೀಕ್ಷೆ ಅಂತ ಹಂತಗಳಿವೆ. 'ನಮ್ಮ ಕೋರ್ಸ್ ಮುಗಿಸಿದರೆ ನೇರ ಪಾಸ್ಟರ್' ಅಂತ ಯಾರಾದರೂ ಹೇಳಿದರೆ, ಯಾವ ಸಭೆಯ ಪಾಸ್ಟರ್ ಅಂತ ಕೇಳಿ.

ಖರ್ಚಿನ ಲೆಕ್ಕ

ಪೋಸ್ಟರಿನಲ್ಲಿ ಬರೆದಿರೋದು ಕೋರ್ಸ್ ಫೀಸು ಮಾತ್ರ. ಅದರ ಜೊತೆ ಬಸ್ಸು ಅಥವಾ ರೈಲಿನ ಹೋಗಿ ಬರುವ ಚಾರ್ಜ್, ಮೆಸ್, ಹಾಸಿಗೆ, ಪುಸ್ತಕ, ಜೆರಾಕ್ಸ್, ಪರೀಕ್ಷಾ ಶುಲ್ಕ ಸೇರಿಸಬೇಕು. ಕೂಲಿಗೆ ಹೋಗುವವರಾದರೆ ಅಷ್ಟು ದಿನದ ಪಗಾರ ಹೋಯಿತು ಅನ್ನೋದನ್ನೂ ಬರ್ಕೊಳ್ಳಬೇಕು. ಬಹಳ ಕಡೆ ಸಭೆಯವರು ಖರ್ಚಿನ ಒಂದು ಪಾಲು ಕೊಡ್ತಾರೆ, ಆದರೆ ಕೇಳಿದವರಿಗೆ ಮಾತ್ರ. ಕಮಿಟಿ ಮುಂದೆ ಅರ್ಜಿ ಕೊಡೋದಕ್ಕೆ ಸಂಕೋಚ ಬೇಡ. ಕೈಗಡ ಮಾಡಿ ಹೋಗಬೇಕಾದ ಸ್ಥಿತಿ ಇದ್ದರೆ ಒಂದು ವರ್ಷ ತಡೆದು ಹೋದರೆ ಏನೂ ನಷ್ಟ ಇಲ್ಲ.

ಕಟ್ಟುವ ಮೊದಲು ಕೇಳಬೇಕಾದ ಎಂಟು ಪ್ರಶ್ನೆ

1. ಕೋರ್ಸ್ ನಡೆಸುವವರು ಯಾರು? ಕಾಲೇಜೇ ನಡೆಸ್ತದಾ, ಅದರ ಹೆಸರು ಹೇಳಿ ಬೇರೆಯವರು ನಡೆಸ್ತಾರಾ?
2. ಮನ್ನಣೆ ಯಾರದು? ಸೆರಾಂಪೋರ್, ಎ.ಟಿ.ಎ. ಅಂತ ಹೇಳಿದರೆ ಅವರ ಪಟ್ಟಿಯಲ್ಲಿ ಈ ಸಂಸ್ಥೆಯ ಹೆಸರು ಇದೆಯಾ?
3. ಕೊನೆಗೆ ಸಿಗೋದು ಹಾಜರಾತಿ ಪತ್ರವಾ, ಡಿಪ್ಲೊಮಾನಾ? ಮುಂದೆ ಪದವಿ ಓದಿದರೆ ಇದನ್ನು ಲೆಕ್ಕಕ್ಕೆ ಹಿಡೀತಾರಾ?
4. ಪಾಠ ಹೇಳುವವರು ಎಲ್ಲಿ ಓದಿದವರು?
5. ಪಾಠ, ಪುಸ್ತಕ, ಪರೀಕ್ಷೆ ಯಾವ ಭಾಷೆಯಲ್ಲಿ?
6. ಒಟ್ಟು ಖರ್ಚು ಎಷ್ಟು? ನಡುವೆ ಬಂದರೆ ಎಷ್ಟು ವಾಪಸ್?
7. ದುಡ್ಡು ಸಂಸ್ಥೆಯ ಬ್ಯಾಂಕ್ ಖಾತೆಗೋ, ಯಾರೋ ಒಬ್ಬರ ಫೋನ್ ಪೇ ನಂಬರಿಗೋ? ರಸೀದಿ ಕೊಡ್ತಾರಾ?
8. ಕಳೆದ ವರ್ಷ ನಮ್ಮ ಕಡೆಯಿಂದ ಹೋದವರು ಯಾರು? ಅವರ ಹತ್ತಿರ ಮಾತಾಡಬಹುದಾ?

ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ ವಾಪಸ್ ತೆಗೆದುಕೊಳ್ಳಿ, ಜೆರಾಕ್ಸ್ ಕೊಡಿ.

ಏನು ಒಯ್ಯಬೇಕು?

ಸಭೆಯ ಪಾಸ್ಟರ್ ಬರೆದ ಶಿಫಾರಸು ಪತ್ರ, ಆಧಾರ್ ಜೆರಾಕ್ಸ್, ಎರಡು ಫೋಟೊ, ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಅಂಕಪಟ್ಟಿಯ ಜೆರಾಕ್ಸ್, ಸತ್ಯವೇದ, ಹಾಡಿನ ಪುಸ್ತಕ, ಎರಡು ನೋಟ್‌ಬುಕ್, ಚಾದರ. ಮಂಗಳೂರಿಗೆ ಹೋಗುವವರು ತೆಳು ಹತ್ತಿ ಬಟ್ಟೆ ಜಾಸ್ತಿ ಒಯ್ಯಿರಿ. ನಮ್ಮಲ್ಲಿ 40 ಡಿಗ್ರಿ ಒಣ ಬಿಸಿಲು, ಅಲ್ಲಿ ಬಿಸಿಲು ಕಡಿಮೆ ಇದ್ದರೂ ಬೆವರು ನಿಲ್ಲೋದಿಲ್ಲ. ಬಿ.ಪಿ., ಶುಗರ್ ಇರುವವರು ಪೂರ್ತಿ ದಿನಕ್ಕಾಗುವಷ್ಟು ಗುಳಿಗೆ ಇಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ

ಕೋರ್ಸಿಗೆ ಹೋಗಿ ಬಂದವರಿಗೆ ಸಭೆ ಒಂದು ಕೆಲಸ ಒಪ್ಪಿಸಬೇಕು. ಸಂಡೇ ಸ್ಕೂಲಿನ ಒಂದು ತರಗತಿ, ತಿಂಗಳಿಗೊಂದು ಪ್ರಸಂಗ, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿ ಬರೋದು, ಸಭೆಯ ಲೆಕ್ಕದ ಪುಸ್ತಕ. ಕೆಲಸ ಕೊಡದೆ ಕೂಡಿಸಿದರೆ ಕಲಿತದ್ದು ದೀಪಾವಳಿ ಹೊತ್ತಿಗೆ ಮರೆತು ಹೋಗ್ತದೆ. ಬಂದವರೂ ಅಷ್ಟೇ, ಹದಿನೈದು ದಿನ ಓದಿ ಬಂದು ಮೂವತ್ತು ವರ್ಷ ಸಭೆ ನಡೆಸಿದ ಹಿರಿಯರಿಗೆ ಪಾಠ ಹೇಳಹೊರಟರೆ ಜಗಳವೇ ಉಳಿಯೋದು. ಮೊದಲ ಮೂರು ತಿಂಗಳು ಪಾಸ್ಟರ್ ಜೊತೆ ಓಡಾಡಿ ಕೆಲಸ ಕಲಿಯೋದು ಎಲ್ಲರಿಗೂ ಒಳ್ಳೆಯದು.

ಇನ್ನೂ ಮುಂದೆ ಓದಬೇಕು ಅನ್ನಿಸಿದವರು ಅದೇ ಕಾಲೇಜಿನಲ್ಲಿ ಪೂರ್ಣ ಪದವಿಯ ಅರ್ಜಿ ಯಾವಾಗ ಅಂತ ವಿಚಾರಿಸಿ ಬರಬಹುದು. ಇದು ಬೇಸಿಗೆ ಕೋರ್ಸಿನ ಇನ್ನೊಂದು ಲಾಭ. ನಾಲ್ಕು ವರ್ಷ ಕೊಡುವ ಮೊದಲು ಹಾಸ್ಟೆಲ್ ಜೀವನ, ಓದು, ಶಿಸ್ತು ತಮಗೆ ಆಗ್ತದಾ ಅಂತ ಹದಿನೈದು ದಿನದಲ್ಲೇ ಗೊತ್ತಾಗ್ತದೆ. ಆಗೋದಿಲ್ಲ ಅಂತ ಗೊತ್ತಾದರೂ ಅದು ಸೋಲಲ್ಲ.

ಯಾವಾಗ ಏನು ಮಾಡಬೇಕು?

ಜನವರಿ, ಫೆಬ್ರುವರಿಯಲ್ಲೇ ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ. ಮಾರ್ಚ್‌ನಲ್ಲಿ ಕಾಲೇಜಿಗೆ ಫೋನ್ ಮಾಡಿ ದಿನಾಂಕ, ಭಾಷೆ, ಖರ್ಚು ಬರೆದುಕೊಳ್ಳಿ ಮತ್ತು ಶಿಫಾರಸು ಪತ್ರ ತೆಗೆದುಕೊಳ್ಳಿ. ರಜೆಯಲ್ಲಿ ರೈಲು, ಸ್ಲೀಪರ್ ಬಸ್ಸು ಎರಡೂ ಫುಲ್ ಇರ್ತವೆ, ಆದ್ದರಿಂದ ದಿನಾಂಕ ಖಾತ್ರಿಯಾದ ಕೂಡಲೇ ಟಿಕೆಟ್ ಮಾಡಿಸಿ. ಏಪ್ರಿಲ್‌ನಲ್ಲಿ ಪೋಸ್ಟರ್ ನೋಡಿ ನಾಳೆಯೇ ಹೊರಡುವ ಆತುರ ಮಾಡಿದರೆ ಮೇಲಿನ ಎಂಟು ಪ್ರಶ್ನೆ ಕೇಳೋದಕ್ಕೂ ಸಮಯ ಸಿಗೋದಿಲ್ಲ.